ಡಾಲರ್ ಸಾಲ: ಲಾಭ ಯಾರಿಗೆ, ನಷ್ಟ ಯಾರ ಪಾಲಿಗೆ?

ಕಂಪೆನಿಗಳು ವಿದೇಶಗಳಿಂದ ಎತ್ತುವ ವಾಣಿಜ್ಯ ಸಾಲದ ನಿಯಮಗಳನ್ನು ಸಡಿಲಿಸುವ ಕರಡನ್ನು ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಸಾಲದ ಮಿತಿಯನ್ನು ಕಂಪೆನಿಯ ಆರ್ಥಿಕ ಬಲಕ್ಕೆ ಹೊಂದಿಸುವುದು, ಬಡ್ಡಿಯ ದರವನ್ನು ಮಾರುಕಟ್ಟೆಗೆ ಬಿಡುವುದು ಅದರ ತಿರುಳು. ಅದೇ ಡಿಸೆಂಬರ್‌ನಲ್ಲಿ ಡಾಲರಿನ ಬೆಲೆ ಮೊದಲ ಬಾರಿಗೆ 90 ರೂಪಾಯಿ ದಾಟಿತು. ಈ ಎರಡೂ ಸುದ್ದಿಗಳನ್ನು ಒಟ್ಟಿಗಿಟ್ಟು ಓದಬೇಕಾಗಿದೆ.

ವಿದೇಶೀ ಸಾಲ ಅಗ್ಗವೆಂಬ ವಾದದಲ್ಲಿ ಅರ್ಧ ಸತ್ಯವಿದೆ. ಬಡ್ಡಿ ಕಡಿಮೆ, ನಿಜ. ಆದರೆ ಅಸಲನ್ನು ತೀರಿಸಬೇಕಾದದ್ದು ಡಾಲರಿನಲ್ಲಿ. 45 ರೂಪಾಯಿಯ ದರದಲ್ಲಿ ಒಂದು ಕೋಟಿ ಡಾಲರ್ ತಂದವನು 68ರ ದರದಲ್ಲಿ ಮರಳಿಸುವಾಗ 45 ಕೋಟಿಯ ಬದಲು 68 ಕೋಟಿ ತೆರಬೇಕು. ಬೆಂಗಳೂರಿನ ಸಾಫ್ಟ್‌ವೇರ್ ರಫ್ತುದಾರನಿಗೆ ವರಮಾನವೂ ಡಾಲರಿನಲ್ಲೇ ಬರುವುದರಿಂದ ಅವನಿಗೆ ಚಿಂತೆಯಿಲ್ಲ. ಹೆದ್ದಾರಿ ಕಟ್ಟಿ ರೂಪಾಯಿಯಲ್ಲಿ ಸುಂಕ ಎತ್ತುವವನ ಗತಿಯೇನು?

ಇಂಡೋನೇಷ್ಯಾದ ಉದ್ಯಮಿಗಳು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇ ಇಲ್ಲ. ಅಲ್ಲಿನ ನಾಣ್ಯವಾದ ರುಪಿಯಾ ವರ್ಷಕ್ಕೆ ಅಲ್ಪಸ್ವಲ್ಪ ಮಾತ್ರ ಇಳಿಯುವಂತೆ ಸರಕಾರ ನೋಡಿಕೊಂಡಿತ್ತು. ಆ ಭರವಸೆಯಲ್ಲಿ ಅವರು ಯಾವ ರಕ್ಷಣೆಯೂ ಇಲ್ಲದೆ ಡಾಲರ್ ಸಾಲ ತಂದರು. ದೀರ್ಘಾವಧಿಯಲ್ಲಿ ಫಲ ಕೊಡುವ ಕಟ್ಟಡ, ಕಾರ್ಖಾನೆಗಳಿಗೆ ಬೇಗನೆ ತೀರಿಸಬೇಕಾದ ಸಾಲವನ್ನು ಸುರಿದರು. 1997ರ ಆಗಸ್ಟ್ 14ರಂದು ಸರಕಾರ ಕೈಬಿಟ್ಟಿತು. ಡಾಲರಿಗೆ ಸುಮಾರು 2,400 ಇದ್ದ ರುಪಿಯಾ ಮರುವರ್ಷ 15,000ಕ್ಕೂ ಕೆಳಗೆ ಕುಸಿಯಿತು. ಕಂಪೆನಿಗಳ ಹಿಂದೆಯೇ ಬ್ಯಾಂಕುಗಳು ಮುಳುಗಿದವು. ಅವುಗಳನ್ನು ಎತ್ತಿ ನಿಲ್ಲಿಸುವ ಹೊರೆ ಸರಕಾರದ ಬೊಕ್ಕಸದ ಮೇಲೆ ಬಿತ್ತು. ಅಕ್ಕಿಯ ಬೆಲೆ ಗಗನಕ್ಕೇರಿತು. 1998ರಲ್ಲಿ ದೇಶದ ಉತ್ಪನ್ನ ಶೇ. 13ರಷ್ಟು ಕುಗ್ಗಿತು. ಮೂರು ದಶಕ ಆಳಿದ ಸುಹಾರ್ತೊ ಆ ಮೇ ತಿಂಗಳಲ್ಲಿ ಕೆಳಗಿಳಿದರು. ಡಾಲರನ್ನು ಕಣ್ಣಿನಿಂದಲೂ ಕಾಣದ ಕೂಲಿಕಾರ ಕೆಲಸ ಕಳೆದುಕೊಂಡದ್ದು ಮಾತ್ರ ಯಾವ ಕಂಪೆನಿಯ ಲೆಕ್ಕಪತ್ರದಲ್ಲೂ ಸೇರಲಿಲ್ಲ.

ನಮ್ಮಲ್ಲಿ ಅಷ್ಟು ದೊಡ್ಡ ಅನಾಹುತ ಆಗಿಲ್ಲ. ಮುನ್ಸೂಚನೆಗಳಿಗೆ ಮಾತ್ರ ಕೊರತೆಯಿಲ್ಲ. ಗಾಳಿಯಂತ್ರ ತಯಾರಿಸುವ ಸುಜ್ಲಾನ್ 2007ರಲ್ಲಿ ಡಾಲರ್ ಬಾಂಡುಗಳನ್ನು ಹೊರಡಿಸಿತ್ತು. ಶೇರಿನ ಬೆಲೆ ಏರಿದರೆ ಸಾಲಗಾರರು ಹಣದ ಬದಲು ಶೇರನ್ನೇ ಪಡೆಯುವರೆಂಬುದು ಲೆಕ್ಕಾಚಾರ. ಶೇರು ಕುಸಿಯಿತು, ರೂಪಾಯಿಯೂ ಕುಸಿಯಿತು. 2012ರ ಅಕ್ಟೋಬರ್‌ನಲ್ಲಿ ಸುಮಾರು 20.9 ಕೋಟಿ ಡಾಲರ್ ತೀರಿಸಲಾಗದೆ ಕಂಪೆನಿ ಕೈಚೆಲ್ಲಿತು. ಮರುವರ್ಷ ಅದರ ದೇಶೀ ಸಾಲಕ್ಕೆ ವಾಯಿದೆ ವಿಸ್ತರಿಸಿ ಕೊಟ್ಟದ್ದು ಸ್ಟೇಟ್ ಬ್ಯಾಂಕ್ ನೇತೃತ್ವದ ಬ್ಯಾಂಕುಗಳ ಕೂಟ, ಅರ್ಥಾತ್ ಸಾಮಾನ್ಯ ಠೇವಣಿದಾರನ ಹಣ.

ಪೆಟ್ಟು ತಿಂದ ಇಂಡೋನೇಷ್ಯಾ ಪಾಠ ಕಲಿಯಿತು. ಸಮೀಪದ ತಿಂಗಳುಗಳಲ್ಲಿ ತೀರಿಸಬೇಕಾದ ವಿದೇಶೀ ಹೊಣೆಯಲ್ಲಿ ವರಮಾನಕ್ಕೆ ಮೀರಿದ ಭಾಗದ ಕನಿಷ್ಠ ಶೇ. 25ಕ್ಕೆ ವಿನಿಮಯ ರಕ್ಷಣೆ ಪಡೆಯಲೇಬೇಕೆಂದು 2016ರಿಂದ ಕಡ್ಡಾಯಗೊಳಿಸಿತು. ಭಾರತವೋ, ಮೂಲಸೌಕರ್ಯ ಕಂಪೆನಿಗಳ ಕೆಲವು ಸಾಲಗಳಿಗಿದ್ದ ಪೂರ್ಣ ರಕ್ಷಣೆಯ ಕಡ್ಡಾಯವನ್ನು 2018ರಲ್ಲಿ ಶೇ. 70ಕ್ಕೆ ಇಳಿಸಿತು. ರಕ್ಷಣೆಗೆ ವೆಚ್ಚ ತಗಲುತ್ತದೆಂಬುದು ಉದ್ಯಮಿಗಳ ದೂರು. ಆ ವೆಚ್ಚವನ್ನು ಸೇರಿಸಿದೊಡನೆ ಅಗ್ಗದ ಸಾಲ ಅಗ್ಗವಾಗಿ ಉಳಿಯುವುದಿಲ್ಲವೆಂದಾದರೆ, ಅದು ಮೊದಲೇ ಅಗ್ಗವಾಗಿರಲಿಲ್ಲ.

ಸಾಲದ ಬಾಗಿಲನ್ನು ಅಗಲಗೊಳಿಸುವುದಾದರೆ ರೂಪಾಯಿಯಲ್ಲಷ್ಟೇ ಗಳಿಸುವ ಕಂಪೆನಿಗೆ ವಿನಿಮಯ ರಕ್ಷಣೆಯನ್ನು ಕಡ್ಡಾಯಗೊಳಿಸಬೇಕು. ರಕ್ಷಣೆಯಿಲ್ಲದ ಡಾಲರ್ ಸಾಲವೆಷ್ಟು ಎಂಬುದನ್ನು ಅದು ಪ್ರತಿ ಮೂರು ತಿಂಗಳಿಗೊಮ್ಮೆ ಬಹಿರಂಗಪಡಿಸಬೇಕು. ಹಾಗೆ ಮಾಡದ ಕಂಪೆನಿಯನ್ನು ಸರಕಾರೀ ಬ್ಯಾಂಕುಗಳು ಹೊಸ ಸಾಲ ಕೊಟ್ಟು ಮೇಲೆತ್ತಬಾರದು.