ಅಂಚಿನಲ್ಲಿ ಬಿಟ್ಟ ಮಡಿಕೆ



ಮಗಳಿಗೆ ಎಂತಹ ಫೋನನ್ನು ಕೊಡಿಸಬೇಕೆಂದು ಕೊಟ್ಟೂರಿನ ತಾಯಂದಿರು ನನ್ನನ್ನು ಆಗಾಗ್ಗೆ ಕೇಳುವುದುಂಟು. ಬಹುಮಂದಿ ಕೊನೆಗೆ ಆಂಡ್ರಾಯ್ಡನ್ನೇ ಆರಿಸುವರು. ಇದಕ್ಕೆ ಕಾರಣವು ಬೆಲೆಯೊಂದೇ ಎಂದು ನಾನು ಎಣಿಸೆನು.

ಬೆಳೆಯುವ ಹುಡುಗಿಯ ಲಂಗವನ್ನು ಜಾಣೆಯಾದ ತಾಯಿಯು ಅಂಚಿನಲ್ಲಿ ಮಡಿಕೆ ಬಿಟ್ಟು ಹೊಲಿಯುವಳು. ಮುಂದೆ ಬಿಚ್ಚಿ ಉದ್ದ ಮಾಡಬಹುದು. ಆಂಡ್ರಾಯ್ಡಿನ ಗುಣವೂ ಅಂಥದೇ. ಅದರ ಮೂಲ ಸಂಕೇತವನ್ನು 2008ರಲ್ಲಿ ಸರ್ವರಿಗೂ ತೆರೆಯಲಾಯಿತು. ಆದುದರಿಂದಲೇ ಅನೇಕ ಕಂಪನಿಗಳು ನಾನಾ ಬೆಲೆಯ ಫೋನುಗಳನ್ನು ಮಾಡಬಲ್ಲವು. ಕೊಂಡವರೂ ಅದರ ಮುಖವನ್ನೂ ಕೀಲಿಮಣೆಯನ್ನೂ ತಮಗೊಪ್ಪುವಂತೆ ಬದಲಿಸಿಕೊಳ್ಳಬಲ್ಲರು. 2012ರಲ್ಲಿ ಬಂದ 4.1ನೆಯ ಆವೃತ್ತಿಯಲ್ಲಿ ಕನ್ನಡದ ಅಕ್ಷರಗಳು ಸೇರಿದವು. ಕನ್ನಡಿಗರು ರಚಿಸಿದ ಕೀಲಿಮಣೆಗಳನ್ನು ಹಾಕಿಕೊಳ್ಳಲು ಫೋನು ತಯಾರಕರ ದಾರಿ ಕಾಯಬೇಕಾಗಲಿಲ್ಲ. ಆಪಲಿನ ಐಫೋನಾದರೋ ಹೊರಗಿನವರ ಕೀಲಿಮಣೆಗಳಿಗೆ ಎಡೆಕೊಟ್ಟದ್ದು 2014ರಲ್ಲಿ. ಮನೆಯಲ್ಲಿ ಕನ್ನಡವನ್ನೇ ಬಲ್ಲ ತಾಯಿಗೆ ದೂರದ ಊರಿನಲ್ಲಿ ಓದುವ ಮಗಳು ಕನ್ನಡದಲ್ಲಿಯೇ ಬರೆಯುವುದು ಅಲ್ಪ ಲಾಭವಲ್ಲ.

ಆದರೂ ತೆರೆದ ಬಾಗಿಲಿನಿಂದ ನೆಂಟನಂತೆ ಕಳ್ಳನೂ ಬರುವನು. ಅಪರಿಚಿತರು ಆಹ್ವಾನಪತ್ರವೆಂದು ಕಳುಹಿಸಿದ ಎ.ಪಿ.ಕೆ. ಕಡತವನ್ನು ಒಳಸೇರಿಸಿ ಹಣ ಕಳೆದುಕೊಂಡವರುಂಟು. ಇದಕ್ಕೆ ಹೆದರಿ ಹೆಣ್ಣುಮಕ್ಕಳ ಕೈಯಿಂದ ಮಾತ್ರ ಫೋನನ್ನು ಕಸಿದುಕೊಳ್ಳುವ ಮನೆಗಳೂ ಉಂಟು, ಅದು ನ್ಯಾಯವಲ್ಲ. ಯಾವುದಕ್ಕೆ ಅನುಮತಿ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನು ಅವರಿಗೆ ಕಲಿಸತಕ್ಕದ್ದು. ಬಾರದಿದ್ದರೆ ಅವರೊಡನೆ ಕುಳಿತು ನಾವೂ ಕಲಿಯತಕ್ಕದ್ದು.

ಸೂಜಿಯು ಚುಚ್ಚೀತೆಂದು ನಾವು ಹೊಲಿಗೆಯನ್ನು ಕಲಿಸದೆ ಬಿಟ್ಟೆವೇ?