ಕಾಣದ ಊರಿನ ಚಿತ್ರ



ಸುಟ್ಟಗಾಯ, ಪೊಲೀಸ್ ಠಾಣೆ, ಜೀವನಾಂಶದ ಮಾತಾಡುವ ಈ ಪುಟದಲ್ಲಿ ಕಥೆ ಬರೆಯುವವಳ ವಿಷಯ ಯಾಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ.

ಅಲೀನಿ ವಾಲೆಕ್ ಬ್ರೆಜಿಲ್ ದೇಶದವರು. ಕಥೆ ಬರೆಯುತ್ತಾರೆ, ಚಿತ್ರವನ್ನೂ ಬಿಡಿಸುತ್ತಾರೆ. 2013ರಲ್ಲಿ ಲೇಡಿ ಸಿಬಿಲಾ ಎಂಬ ಹೆಸರಿನಲ್ಲಿ ಬರೆಯುವ ಗೆಳತಿಯೊಡನೆ ಸೇರಿ ಸ್ತ್ರೀವಾದಿ ವಿಜ್ಞಾನ ಕಥೆಗಳ ಸಂಕಲನವೊಂದನ್ನು ತಂದರು. ಅದನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದಿತ್ತು. ವಿಜ್ಞಾನ ಕಥೆಯೆಂದರೆ ನಿಮಗೆ ಗೊತ್ತೇ ಇದೆ: ಚಂದ್ರಲೋಕಕ್ಕೆ ಹೋದರೂ ಗಂಡಸೇ ಯಜಮಾನ. ಹೆಂಗಸು ಅಲಂಕಾರಕ್ಕೆ, ಇಲ್ಲವೇ ಅವನು ಬಂದು ಬಿಡಿಸಲಿ ಎಂದು ಕಾಯುವುದಕ್ಕೆ. ಸಾವಿರ ವರ್ಷ ಮುಂದಿನ ಕಾಲವನ್ನು ಊಹಿಸಬಲ್ಲವರಿಗೆ ತನ್ನ ಕಾಲ ಮೇಲೆ ನಿಂತ ಹೆಂಗಸನ್ನು ಊಹಿಸಲಾಗಲಿಲ್ಲ ನೋಡಿ! 2016ರಲ್ಲಿ ಬಂದ ವಾಲೆಕ್ ಅವರ ಕಾದಂಬರಿಯಲ್ಲಿ ಕಡಲಿನ ತಳಕ್ಕೆ ಇಳಿಯುವವಳು ಕೊರೀನಾ ಎಂಬ ಹೆಣ್ಣು. ಇಳಿಯುವುದು ಅವಳ ಕಸುಬು.

ಅದೇ ಗೆಳತಿಯರ ಬಳಗ ಪೋರ್ಚುಗೀಸ್ ಭಾಷೆಗೆ ತಂದ ಇನ್ನೊಂದು ಕಥೆ ನಮ್ಮ ನೆಲದ್ದು. ರೊಕೆಯಾ ಸಖಾವತ್ ಹುಸೇನ್ ಬರೆದ 'ಸುಲ್ತಾನಳ ಕನಸು' 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅಲ್ಲಿ ಗಂಡಸರು ಪರದೆಯೊಳಗೆ. ಹೆಂಗಸರು ಸೂರ್ಯನ ಶಾಖ ಹಿಡಿದು ಅಡಿಗೆ ಮಾಡುತ್ತಾರೆ, ಅದೇ ಶಾಖದಿಂದ ಶತ್ರುವನ್ನೂ ಓಡಿಸುತ್ತಾರೆ. ಬರೆದಾಕೆ ಕನಸಿನಲ್ಲೇ ಕೂರಲಿಲ್ಲ. 1911ರಲ್ಲಿ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತಂದರು.

ಬ್ರೆಜಿಲ್‌ನಲ್ಲೂ ಇದು ಹೊಸದಲ್ಲ. ಸಿಯಾರಾ ಪ್ರಾಂತ್ಯದ ಎಮಿಲಿಯಾ ಫ್ರೆಯಿತಾಸ್ 1899ರಲ್ಲೇ ಒಂದು ಕಾದಂಬರಿ ಬರೆದರು. ಮಂಜು ಮುಚ್ಚಿದ ದ್ವೀಪವೊಂದರ ಹೆಂಗಸರ ಗುಪ್ತ ಸಂಘ, ನೊಂದವರನ್ನು ಬಿಡಿಸಿ ತರುವುದೇ ಅದರ ಕೆಲಸ. ನಮ್ಮ ಸಂಘಗಳ ನೆನಪಾಗದೆ ಇರುತ್ತದೆಯೇ?

ಅದೇ ಸಿಯಾರಾದಲ್ಲಿ 1983ರಲ್ಲಿ ಮರಿಯಾ ದ ಪೆನ್ಯಾ ಎಂಬಾಕೆ ಮಲಗಿದ್ದಾಗ ಗಂಡನೇ ಗುಂಡು ಹಾರಿಸಿದ. ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಗಾಲಿಕುರ್ಚಿ ಹಿಡಿದ ಆಕೆ ಹತ್ತೊಂಬತ್ತು ವರ್ಷ ಹೋರಾಡಿದ ಮೇಲೆ, 2002ರಲ್ಲಿ ಅವನು ಜೈಲಿಗೆ ಹೋದ. 2006ರಲ್ಲಿ ಬಂದ ಕೌಟುಂಬಿಕ ದೌರ್ಜನ್ಯದ ವಿರುದ್ಧದ ಕಾನೂನಿಗೆ ಆಕೆಯದೇ ಹೆಸರು. ನಮ್ಮ ದೇಶದ ಇಂಥದೇ ಕಾನೂನು, 2005ರದ್ದು, ಜಾರಿಗೆ ಬಂದದ್ದೂ 2006ರ ಅಕ್ಟೋಬರಿನಲ್ಲೇ. ಅಲ್ಲಿಯವರೆಗೆ 'ಹೊಡೆತವಿಲ್ಲದ ಮನೆ' ಎಂದವಳಿಗೆ ಎರಡೂ ಕಡೆ ಸಿಗುತ್ತಿದ್ದ ಉತ್ತರ ಒಂದೇ: ಅದೆಲ್ಲ ಕಥೆಯಲ್ಲಿ ಮಾತ್ರ.

ಆದ್ದರಿಂದ ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಕೂತು ಮಾತಾಡಿ. ನಿಮ್ಮ ಮಗಳು ವರದಕ್ಷಿಣೆಯ ಮಾತೇ ಇಲ್ಲದೆ ಹೋಗಿ ಸೇರುವ ಮನೆ ಹೇಗಿರುತ್ತದೆ? ಬಾಗಿಲು ಯಾರು ತೆರೆಯುತ್ತಾರೆ, ಅಡಿಗೆ ಯಾರು ಮಾಡುತ್ತಾರೆ, ದುಡ್ಡು ಯಾರ ಕೈಯಲ್ಲಿ? ಬರೆದು ಕಳಿಸಿ. ಬರೆಯಲು ಬಾರದವರು ಚಿತ್ರ ಬಿಡಿಸಿ ಕಳಿಸಿ.