ಹೆರಿಗೆಗೆ ಬರುವ ಮಗಳ ಟಿಕೆಟ್ ತೆಗೆಯುವ ಮುನ್ನ

2020ರ ಅಕ್ಟೋಬರ್ 7ರ ಸಂಜೆ ದೆಹಲಿಯಿಂದ ಬೆಂಗಳೂರಿಗೆ ಬರುತ್ತಿದ್ದ ವಿಮಾನದಲ್ಲಿ ಒಂದು ಗಂಡುಮಗು ಹುಟ್ಟಿತು. ಮರುವರ್ಷ ಮಾರ್ಚ್ 17ರಂದು ಬೆಂಗಳೂರಿನಿಂದ ಜೈಪುರಕ್ಕೆ ಹೊರಟಿದ್ದ ವಿಮಾನದಲ್ಲಿ ಒಂದು ಹೆಣ್ಣುಮಗು. ಎರಡೂ ಸಲ ತಾಯಿ ಮತ್ತು ಮಗು ಕ್ಷೇಮವಾಗಿ ಇಳಿದರು. ಆ ಫೋಟೋಗಳು, ವಿಡಿಯೋಗಳು ನಮ್ಮೆಲ್ಲರ ಮೊಬೈಲಿಗೂ ಬಂದವು, ನಾವು ಸಂತೋಷಪಟ್ಟು ಇನ್ನೊಬ್ಬರಿಗೆ ಕಳಿಸಿದೆವು. ಆ ಸುದ್ದಿಯಲ್ಲಿದ್ದ ಒಂದು ಸಾಲಿನ ಮೇಲೆ ಮಾತ್ರ ನಮ್ಮ ಕಣ್ಣು ನಿಲ್ಲಲಿಲ್ಲ. ಎರಡೂ ವಿಮಾನಗಳಲ್ಲಿ ಪ್ರಯಾಣಿಕರ ನಡುವೆ ವೈದ್ಯೆಯೊಬ್ಬರು ಇದ್ದರು. ದೆಹಲಿ ವಿಮಾನದ ಮಗುವಂತೂ ದಿನ ತುಂಬುವ ಮುನ್ನವೇ ಹುಟ್ಟಿತ್ತು. ಆ ವೈದ್ಯೆಯರು ಅಂದು ಬೇರೆ ವಿಮಾನ ಹತ್ತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ವಿಮಾನದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರುತ್ತದೆ, ಆಮ್ಲಜನಕ ಇರುತ್ತದೆ, ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ. ರಕ್ತ ಇರುವುದಿಲ್ಲ, ಆಪರೇಷನ್ ಥಿಯೇಟರ್ ಇರುವುದಿಲ್ಲ, ಅವಧಿಗೆ ಮೊದಲೇ ಹುಟ್ಟಿದ ಮಗುವನ್ನು ಇಡಲು ಇನ್‌ಕ್ಯುಬೇಟರ್ ಇರುವುದಿಲ್ಲ.

ಗರ್ಭಿಣಿಯರು ವಿಮಾನ ಹತ್ತಲೇಬಾರದು ಎಂದು ನಾನು ಹೇಳುತ್ತಿಲ್ಲ. ತೊಂದರೆಯಿಲ್ಲದ ಬಸಿರಿಗೆ ಆಗೊಮ್ಮೆ ಈಗೊಮ್ಮೆ ಮಾಡುವ ವಿಮಾನ ಪ್ರಯಾಣದಿಂದ ಅಪಾಯವಿಲ್ಲ ಎಂದೇ ಪ್ರಸೂತಿ ತಜ್ಞರು ಹೇಳುತ್ತಾರೆ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡದಷ್ಟಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 6,300 ಅಡಿಗೂ ಮೇಲಿದೆ, ಅಂದರೆ ಅಲ್ಲಿ ನಿಂತಾಗ ಸಿಗುವ ಗಾಳಿಯಷ್ಟು, ಇಲ್ಲವೇ ಅದಕ್ಕಿಂತ ತುಸು ತೆಳುವಾದ ಗಾಳಿ. ಆರೋಗ್ಯವಂತ ತಾಯಿ ಇದನ್ನು ತಾಳಿಕೊಳ್ಳುತ್ತಾಳೆ. ಹೊಟ್ಟೆಯೊಳಗಿನ ಮಗುವಿನ ರಕ್ತಕ್ಕೆ ಆಮ್ಲಜನಕವನ್ನು ಹಿಡಿದುಕೊಳ್ಳುವ ಶಕ್ತಿ ನಮ್ಮ ರಕ್ತಕ್ಕಿಂತ ಹೆಚ್ಚು, ಹಾಗಾಗಿ ಮಗುವೂ ತಾಳಿಕೊಳ್ಳುತ್ತದೆ. ನಿಲ್ದಾಣದಲ್ಲಿ ದಾಟಿ ಬರುವ ಲೋಹ ಪತ್ತೆ ಚೌಕಟ್ಟಿನಿಂದಲೂ ಮಗುವಿಗೆ ಕೇಡಿಲ್ಲ.

ಇನ್ನೊಂದು ಮಾತನ್ನೂ ಹಿರಿಯರು ಕೇಳಿಸಿಕೊಳ್ಳಬೇಕು. ವಿಮಾನಕ್ಕೆ ಹೆದರಿ ಏಳು ತಿಂಗಳ ಬಸುರಿಯನ್ನು ರಾತ್ರಿ ಬಸ್ಸಿನ ಸ್ಲೀಪರಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ, ಬೆಳಗಾವಿಗೆ, ಮಂಗಳೂರಿಗೆ ಕಳಿಸುವವರು ಈಗಲೂ ಇದ್ದಾರೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ರಾತ್ರಿಯಿಡೀ ಹೊರಳಾಡುತ್ತ, ಮೂತ್ರಕ್ಕೆ ಎಲ್ಲಿ ಇಳಿಯುವುದೋ ಎಂಬ ಅಂಜಿಕೆಯಲ್ಲಿ ನೀರೇ ಕುಡಿಯದೆ ಕೂರುವುದಕ್ಕಿಂತ ಒಂದು ತಾಸಿನ ವಿಮಾನ ಎಷ್ಟೋ ಹಿತ. ಕೈಯಲ್ಲಿ ಹಣವಿದ್ದು, ವೈದ್ಯರು ಒಪ್ಪಿದರೆ ವಿಮಾನದಲ್ಲೇ ಕಳಿಸಿ. ನನ್ನ ಕಳಕಳಿ ಇರುವುದು ಯಾವಾಗ ಕಳಿಸುತ್ತೀರಿ, ಹೇಗೆ ಕಳಿಸುತ್ತೀರಿ ಎಂಬುದರ ಬಗ್ಗೆ.

ನಮ್ಮ ಮನೆಗಳಲ್ಲಿ ಬಸಿರನ್ನು ಎಣಿಸುವುದು ತಿಂಗಳಲ್ಲಿ. ಆಸ್ಪತ್ರೆ ಮತ್ತು ವಿಮಾನ ಸಂಸ್ಥೆ ಎಣಿಸುವುದು ವಾರದಲ್ಲಿ, ಅದೂ ಕೊನೆಯ ಮುಟ್ಟಿನ ಮೊದಲ ದಿನದಿಂದ. ಹೆಚ್ಚಿನ ವಿಮಾನ ಸಂಸ್ಥೆಗಳು ಸುಮಾರು 28 ವಾರ ದಾಟಿದ ಮೇಲೆ ವೈದ್ಯರ ಪತ್ರ ಕೇಳುತ್ತವೆ, ಒಂದೇ ಮಗುವಾದರೆ 36 ವಾರದ ನಂತರ ಹತ್ತಿಸಿಕೊಳ್ಳುವುದಿಲ್ಲ, ಅವಳಿಯಾದರೆ 32ಕ್ಕೇ ನಿಲ್ಲಿಸುತ್ತವೆ. ಸಂಸ್ಥೆಯಿಂದ ಸಂಸ್ಥೆಗೆ ಒಂದೆರಡು ವಾರ ಹೆಚ್ಚುಕಡಿಮೆ ಇರಬಹುದು, ಆದ್ದರಿಂದ ನೀವು ಹತ್ತುವ ವಿಮಾನದವರನ್ನೇ ಕೇಳಬೇಕು. ಈಗ ನಮ್ಮ ಸಂಪ್ರದಾಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸೀಮಂತವೋ, ಕುಬುಸವೋ, ಬಯಕೆಯೋ, ಬಹಳಷ್ಟು ಮನೆಗಳಲ್ಲಿ ಐದು, ಏಳು, ಒಂಬತ್ತು ಎಂದು ಬೆಸ ತಿಂಗಳಲ್ಲೇ ಆಗಬೇಕು. ಅದು ಮುಗಿದ ಮೇಲೆಯೇ ಮಗಳು ತವರಿಗೆ ಹೊರಡಬೇಕು. ಏಳರಲ್ಲಿ ಅಳಿಯನಿಗೆ ರಜೆ ಸಿಗಲಿಲ್ಲ ಅಥವಾ ಮನೆಗೆ ಸೂತಕ ಬಂತು ಎನ್ನಿ. ಎಂಟರಲ್ಲಿ ಹೊರಡಿಸುವುದು ಬೇಡ ಎನ್ನುತ್ತಾರೆ ಅಜ್ಜಿಯರು. ಸರಿ, ಒಂಬತ್ತಕ್ಕೆ ಬೀಳಲಿ ಎಂದು ಕಾಯುತ್ತಾರೆ. ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬೀಳುವ ಹೊತ್ತಿಗೆ ಹತ್ತಿರ ಹತ್ತಿರ 35 ವಾರ ಆಗಿರುತ್ತದೆ. ಒಳ್ಳೆಯ ದಿನ ನೋಡಿಸಿ ಟಿಕೆಟ್ ತೆಗೆಯುವುದರೊಳಗೆ 36 ದಾಟುತ್ತದೆ.

ಹೀಗೆ ಕೌಂಟರಿನಲ್ಲಿ ಸಿಕ್ಕಿಬಿದ್ದವರನ್ನು ಕಂಡಿದ್ದೇನೆ. ಕೈಯಲ್ಲಿ ಹಸಿರು ಬಳೆ, ಮಡಿಲು ತುಂಬಿದ ಬ್ಯಾಗು, ಪಕ್ಕದಲ್ಲಿ ಕೈ ಹಿಸುಕಿಕೊಳ್ಳುತ್ತಿರುವ ತಂದೆ, ಎದುರಿಗೆ ಪತ್ರ ಎಲ್ಲಿ ಎಂದು ಕೇಳುವ ಹುಡುಗಿ. ಆ ಹುಡುಗಿಯ ಮೇಲೆ ರೇಗಿ ಪ್ರಯೋಜನವಿಲ್ಲ. ನಿಯಮ ಇರುವುದು ಆ ಬಸುರಿಯ ಜೀವಕ್ಕಾಗಿ.

ಏಳರಲ್ಲಿ ಹುಟ್ಟಿದ ಮಗು ಉಳಿಯುತ್ತದೆ, ಎಂಟರದ್ದು ಉಳಿಯುವುದಿಲ್ಲ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ಒಡಲಲ್ಲಿ ಹೆಚ್ಚು ವಾರ ಬೆಳೆದಷ್ಟೂ ಮಗುವಿನ ಶ್ವಾಸಕೋಶ ಬಲಿಯುತ್ತದೆ, ಎಂಟರ ಮಗುವಿಗೆ ಏಳರ ಮಗುವಿಗಿಂತ ಬದುಕುವ ಅವಕಾಶ ಹೆಚ್ಚು. ಶಾಸ್ತ್ರ ಬಿಡಿ ಎಂದು ನಾನು ಹೇಳಲಾರೆ. ಮಗಳಿಗೆ ಹೂ ಮುಡಿಸಿ, ಬಳೆ ತೊಡಿಸಿ, ಬಯಸಿದ್ದನ್ನು ಉಣಿಸಿ ಕಳಿಸುವ ಆ ದಿನ ನನಗೂ ಪ್ರಿಯವಾದದ್ದೇ. ಆದರೆ ಪ್ರಯಾಣದ ದಿನವನ್ನು ಮೊದಲು ವೈದ್ಯರು ಹೇಳಲಿ, ಆಮೇಲೆ ಆ ದಿನಕ್ಕೆ ಹೊಂದುವಂತೆ ಶಾಸ್ತ್ರ ನಡೆಯಲಿ. ಬೇಗ ಬಂದು ತವರಿನಲ್ಲೇ ಸೀಮಂತ ಮಾಡಿಸಿಕೊಂಡರೂ ಮಗುವಿಗೆ ಆಶೀರ್ವಾದ ಕಡಿಮೆಯಾಗುವುದಿಲ್ಲ. ಪ್ರಯಾಣಕ್ಕೆ ಎಲ್ಲಕ್ಕಿಂತ ಹಿತವಾದ ಕಾಲ 14ರಿಂದ 28ನೇ ವಾರ. ಅಷ್ಟು ಬೇಗ ಆಗದಿದ್ದರೆ 32ರೊಳಗೆ ಹೊರಡಲು ನೋಡಿ.

ಉದ್ಯೋಗಸ್ಥ ಹೆಣ್ಣುಮಕ್ಕಳು ಇಲ್ಲಿ ಇನ್ನೊಂದು ಲೆಕ್ಕಕ್ಕೆ ಸಿಕ್ಕಿಬೀಳುತ್ತಾರೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಾಗಿನಿಂದ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಇದೆ. ಅದರಲ್ಲಿ 8 ವಾರವನ್ನು ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಅಂದರೆ 32ನೇ ವಾರಕ್ಕೆ ಹೊರಡಲು ಕಾನೂನೇ ದಾರಿ ಬಿಟ್ಟಿದೆ. ಮಗುವಿನ ಜೊತೆ ಹೆಚ್ಚು ದಿನ ಇರಬೇಕೆಂಬ ಆಸೆಯಿಂದ ರಜೆಯನ್ನೆಲ್ಲ ಕೂಡಿಟ್ಟು, 36ರವರೆಗೂ ಕಚೇರಿಗೆ ಹೋಗಿ, ಕೊನೆಯ ಗಳಿಗೆಯಲ್ಲಿ ಓಡುವವರೇ ಹೆಚ್ಚು. ಆ ಆಸೆ ನನಗೆ ಅರ್ಥವಾಗುತ್ತದೆ. ಮೇಲಧಿಕಾರಿಗಳಲ್ಲಿ ನನ್ನ ಬೇಡಿಕೆ ಇದು: ತವರು ದೂರವಿರುವ ಗರ್ಭಿಣಿಗೆ ಕೊನೆಯ ಕೆಲವು ವಾರ ತವರಿನಿಂದಲೇ ಕೆಲಸ ಮಾಡಲು ಬಿಡಿ. ಆ ತಿಂಗಳುಗಳಲ್ಲಿ ಕಚೇರಿಯ ಕೆಲಸಕ್ಕೆಂದು ಅವಳನ್ನು ಊರೂರಿಗೆ ಹಾರಿಸಬೇಡಿ, ಅವಳಾಗಿಯೇ ಬಾಯಿಬಿಟ್ಟು ಕೇಳುವಂತೆಯೂ ಮಾಡಬೇಡಿ.

ಕೊಲ್ಲಿ ದೇಶಗಳಲ್ಲಿರುವ ಕರಾವಳಿಯವರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದಿದೆ. ಕೋವಿಡ್ ಕಾಲದಲ್ಲಿ, 2020ರ ಮೇ 12ರಂದು ದುಬೈನಿಂದ ಮಂಗಳೂರಿಗೆ ಬಂದಿಳಿದ ಮೊದಲ ವಿಮಾನದಲ್ಲಿ ಹಲವಾರು ಗರ್ಭಿಣಿಯರಿದ್ದರು. ಆಸ್ಪತ್ರೆಯ ಖರ್ಚು, ಬಾಣಂತನಕ್ಕೆ ಯಾರೂ ಇಲ್ಲದ ಒಂಟಿತನ, ದಿನ ದಾಟಿದರೆ ವಿಮಾನ ಸಿಗದೆಂಬ ಭಯ, ಎಲ್ಲವೂ ಅವರನ್ನು ಊರಿನತ್ತ ತಳ್ಳಿದ್ದವು. ಕೋವಿಡ್ ಹೋಯಿತು, ಆ ಕಾರಣಗಳು ಉಳಿದಿವೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಸಡಿಲವಾದ ಚೂಡಿದಾರ್ ಹಾಕಿಸಿ, ಶಾಲು ಹೊದಿಸಿ, ಕೇಳಿದರೆ ಆರು ತಿಂಗಳು ಅನ್ನು ಎಂದು ಹೇಳಿಕೊಟ್ಟು ಕಳಿಸುತ್ತಾರೆ. ಅಣ್ಣಂದಿರೇ, ಅಮ್ಮಂದಿರೇ, ದಯವಿಟ್ಟು ಇದನ್ನು ಮಾಡಬೇಡಿ. ಸಮುದ್ರದ ಮೇಲೆ ನೋವು ಶುರುವಾದರೆ ಸಿಬ್ಬಂದಿಗೆ ಗೊತ್ತಾಗಬೇಕಾದ ಮೊದಲ ಸಂಗತಿ ಇದು ಎಷ್ಟನೇ ವಾರ ಎಂಬುದು. ಅಲ್ಲೇ ಸುಳ್ಳಿದ್ದರೆ ಅವರು ಕೊಡಬಹುದಾದ ನೆರವೂ ದಾರಿ ತಪ್ಪುತ್ತದೆ. ಇನ್ನು ಪ್ರಯಾಣ ವಿಮೆಯನ್ನು ನಂಬಿ ಕೂರಬೇಡಿ. ಬಹಳಷ್ಟು ವಿಮೆಗಳು ಹೆರಿಗೆಯ ಖರ್ಚನ್ನಾಗಲಿ, ಅವಧಿಗೆ ಮೊದಲು ಹುಟ್ಟಿದ ಮಗುವಿನ ಆಸ್ಪತ್ರೆ ಖರ್ಚನ್ನಾಗಲಿ ಕೊಡುವುದಿಲ್ಲ. ಅಮೆರಿಕದಂಥ ದೂರದ ದೇಶದಲ್ಲಿ ಮಗಳಿದ್ದರೆ, ವೀಸಾ ಸಿಕ್ಕಿದರೆ, ತಾಯಿಯೇ ಅಲ್ಲಿಗೆ ಹೋಗಿ ಬಾಣಂತನ ಮಾಡುವುದು ಎಲ್ಲ ರೀತಿಯಿಂದ ಒಳ್ಳೆಯದು. ಎಷ್ಟೋ ತಾಯಂದಿರು ಹಾಗೆ ಮಾಡುತ್ತಲೂ ಇದ್ದಾರೆ.

ಬಸಿರಿನ ಆರಂಭದಲ್ಲೂ ಮುಚ್ಚಿಡುವುದುಂಟು, ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು. ಊರಿಗೆ ಹೇಳದಿದ್ದರೆ ಪರವಾಗಿಲ್ಲ, ವೈದ್ಯರಿಗೆ ಹೇಳದೆ ದೂರ ಹಾರಬೇಡಿ. ಗರ್ಭ ಗರ್ಭಕೋಶದೊಳಗೇ ನಿಂತಿದೆಯೇ, ನಾಳದಲ್ಲಿ ನಿಂತಿದೆಯೇ ಎಂದು ಸ್ಕ್ಯಾನ್ ಮಾಡಿಸಿಕೊಳ್ಳಿ. ನಾಳದಲ್ಲಿ ನಿಂತ ಗರ್ಭ ಒಡೆದರೆ ಹೊಟ್ಟೆಯೊಳಗೆ ರಕ್ತ ಹರಿಯುತ್ತದೆ, ಆಪರೇಷನ್ ಒಂದೇ ದಾರಿ.

ಕೆಲವರು ಎಷ್ಟನೇ ವಾರವಾದರೂ ವೈದ್ಯರನ್ನು ಕೇಳದೆ ಹಾರಬಾರದು. ರಕ್ತಸ್ರಾವ ಕಂಡವರು, ಮಾಸು ಕೆಳಗೆ ಕೂತಿದೆ ಎಂದು ಸ್ಕ್ಯಾನಿನಲ್ಲಿ ಬಂದವರು, ಬಿ.ಪಿ. ಏರಿದವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಹಿಂದಿನ ಹೆರಿಗೆ ಅವಧಿಗೆ ಮುನ್ನ ಆದವರು ತಮ್ಮ ವೈದ್ಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ಟಿಕೆಟ್ಟಿನ ಮಾತೇ ಎತ್ತಬಾರದು. ಇವೆಲ್ಲಕ್ಕಿಂತ ಸಾಮಾನ್ಯವಾಗಿದ್ದರೂ ನಾವು ಲಕ್ಷ್ಯ ಕೊಡದಿರುವುದು ರಕ್ತಹೀನತೆಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ತೆಳು ಗಾಳಿಯಲ್ಲಿ ಮೊದಲು ಕಷ್ಟಪಡುವುದು ಅವರೇ. ಹಿಮೋಗ್ಲೋಬಿನ್ ಎಷ್ಟಿದೆ ಎಂದು ಹೊರಡುವ ಮುನ್ನ ನೋಡಿಸಿ. ತೀರಾ ಇಳಿದಿದ್ದರೆ ಮೊದಲು ಅದನ್ನು ಏರಿಸಿ, ಪ್ರಯಾಣ ಆಮೇಲೆ.

ಇನ್ನೊಂದು ಅಪಾಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲಿ ಎಂದು ಬಸುರಿಯ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವ ಸ್ವಭಾವ ತಾಳಿರುತ್ತದೆ. ನಾಲ್ಕು ತಾಸಿಗೂ ಹೆಚ್ಚು ಕಾಲು ಮಡಚಿ ಕೂತರೆ ಅದಕ್ಕೆ ಅನುಕೂಲವೇ ಆಯಿತು. ಬಸ್ಸಾದರೂ ಕಾರಾದರೂ ಇದೇ ಕಥೆ. ಹಜಾರದ ಪಕ್ಕದ ಸೀಟು ಹಿಡಿದು ಆಗಾಗ ಎದ್ದು ಓಡಾಡಬೇಕು, ಕೂತಲ್ಲೇ ಪಾದ ಆಡಿಸಬೇಕು, ನೀರು ಕುಡಿಯುತ್ತಲೇ ಇರಬೇಕು. ದೂರದ ಪ್ರಯಾಣಕ್ಕೆ ಕಾಲನ್ನು ಬಿಗಿಯಾಗಿ ಹಿಡಿಯುವ ಸ್ಟಾಕಿಂಗ್ಸ್ ಬೇಕೇ ಎಂದು ವೈದ್ಯರನ್ನು ಕೇಳಿ. ಸೀಟ್ ಬೆಲ್ಟನ್ನು ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ತೊಡೆಸಂದಿನಲ್ಲಿ ಕಟ್ಟಿಕೊಳ್ಳಿ. ಇಳಿದ ಮೇಲೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ ಪ್ರಯಾಣದ ಆಯಾಸ ಎಂದುಕೊಂಡು ಎಣ್ಣೆ ನೀವಿ ಕೂರಬೇಡಿ, ಆಸ್ಪತ್ರೆಗೆ ಓಡಿ.

ವೈದ್ಯರಲ್ಲೂ ಒಂದು ವಿನಂತಿ. ಹೊರಡಬಹುದು ಎಂದು ಚೀಟಿಯ ಮೇಲೆ ಗೀಚಿ ಕೊಟ್ಟರೆ ಕೌಂಟರಿನಲ್ಲಿ ನಡೆಯುವುದಿಲ್ಲ. ಎಷ್ಟು ವಾರ, ಹೆರಿಗೆಯ ನಿರೀಕ್ಷಿತ ದಿನಾಂಕ, ಒಂದು ಮಗುವೋ ಅವಳಿಯೋ, ತೊಂದರೆ ಏನಾದರೂ ಇದೆಯೇ, ಯಾವ ದಿನದವರೆಗೆ ಪ್ರಯಾಣ ಮಾಡಬಹುದು ಎಂಬುದನ್ನೆಲ್ಲ ಬರೆದು, ದಿನಾಂಕ ಹಾಕಿ, ಸಹಿ, ಮೊಹರು, ನೋಂದಣಿ ಸಂಖ್ಯೆಯೊಂದಿಗೆ ಕೊಡಿ. ಪತ್ರ ಹಳೆಯದಾದರೆ ಸಂಸ್ಥೆಗಳು ಒಪ್ಪುವುದಿಲ್ಲ, ಹೊರಡುವ ದಿನಕ್ಕೆ ಹತ್ತಿರದಲ್ಲೇ ಬರೆಸಿಕೊಳ್ಳಬೇಕು. ವಿಮಾನ ಸಂಸ್ಥೆಗಳಿಗೂ ಹೇಳುತ್ತೇನೆ, ಕರ್ನಾಟಕದಿಂದ ಹಾರುವ ಪ್ರತಿ ಟಿಕೆಟ್ಟಿನ ಜೊತೆ ಈ ನಿಯಮಗಳನ್ನು ಕನ್ನಡದಲ್ಲಿ, ನಾಲ್ಕೇ ಸಾಲಿನಲ್ಲಿ, ಎದ್ದು ಕಾಣುವಂತೆ ಕಳಿಸಿ. ನಿಲ್ದಾಣಕ್ಕೆ ಬಂದ ಮೇಲೆ ತಿಳಿಯುವ ನಿಯಮದಿಂದ ಯಾರಿಗೂ ಉಪಕಾರವಿಲ್ಲ.

ಸಹಪ್ರಯಾಣಿಕರೇ, ನಿಮ್ಮಿಂದ ಆಗಬೇಕಾದದ್ದು ಸಣ್ಣದು. ಅವಳ ಬ್ಯಾಗನ್ನು ಮೇಲಿಡಿ. ನಿಮ್ಮದು ಹಜಾರದ ಸೀಟಾಗಿದ್ದರೆ ಅವಳು ಕೇಳುವ ಮೊದಲೇ ಬಿಟ್ಟುಕೊಡಿ. ಮೂರನೇ ಸಲ ಎದ್ದಳೆಂದು ಮುಖ ಸಿಂಡರಿಸಬೇಡಿ, ಅವಳು ಏಳಲೇಬೇಕು.

ಇನ್ನು ಮಗಳ ಟಿಕೆಟ್ ತೆಗೆಯಲು ಕೂತಿರುವ ಅಪ್ಪ ಅಮ್ಮ, ಗಂಡ, ಅತ್ತೆಯವರೇ, ಮೊದಲು ಅವಳ ತಾಯಿ ಕಾರ್ಡ್ ಮತ್ತು ಸ್ಕ್ಯಾನ್ ವರದಿ ತೆಗೆದು ವಾರ ಎಣಿಸಿ. ಮರಳಿ ಹೋಗುವ ಟಿಕೆಟ್ ಇದ್ದರೆ ಆ ದಿನದ ವಾರವನ್ನೂ ಎಣಿಸಿ. ಇಳಿಯುವ ಊರಿನ ಆಸ್ಪತ್ರೆಯಲ್ಲಿ ಅವಳ ಹೆಸರನ್ನು ಮುಂಚೆಯೇ ಬರೆಸಿ. ಕಾರ್ಡು, ವರದಿ, ರಕ್ತದ ಗುಂಪಿನ ಚೀಟಿ, ವೈದ್ಯರ ಪತ್ರ ಎಲ್ಲವೂ ಅವಳ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಬೇಡ. ಹೊರಡುವ ದಿನ ಬೆಳಿಗ್ಗೆ ಅವಳು ಯಾಕೋ ಸರಿಯಿಲ್ಲ ಅಂದರೆ, ಟಿಕೆಟ್ಟಿನ ಹಣ ಹೋದರೆ ಹೋಗಲಿ, ಅಂದು ಅವಳನ್ನು ಕಳಿಸಬೇಡಿ.